ಬಿದ್ದವಳನ್ನು ಎತ್ತಿದ ಕೊಲೆಗಾರ್ತಿ

ಕಾಲೇಜು ಹುಡುಗ ಹುಡುಗಿಯರನ್ನು ಮುಖವಾಡದವನೊಬ್ಬ ಒಬ್ಬೊಬ್ಬರಾಗಿ ಕೊಲ್ಲುವ ಸಿನಿಮಾಗಳನ್ನು ಗೇಲಿ ಮಾಡಲು ನಾವೇ ಅಂಥದೊಂದು ಪುಟ್ಟ ಸಿನಿಮಾ ಮಾಡುತ್ತಿದ್ದೆವು. ಕತೆ ನನ್ನದು, ನಿರ್ದೇಶನ ಗೆಳೆಯನದು. ಬಂಡಳ್ಳಿಯ ಜೋಳದ ಹೊಲದಲ್ಲಿ ಕಡೆಯ ದಿನದ ಶೂಟಿಂಗು. ಕೊಲೆಗಾರನ ಪಾತ್ರದವನು ಜ್ವರ ಬಂದು ಮಲಗಿಬಿಟ್ಟ. ಮುಖವಾಡದ ಒಳಗೆ ಯಾರಿದ್ದರೇನು ಎಂದುಕೊಂಡು, ಹೊಲದ ಯಜಮಾನಿ, ಎತ್ತರದ ಮೈಕಟ್ಟಿನ ಪುಟ್ಟಮ್ಮನವರ ಕೈಗೇ ರಟ್ಟಿನ ಮಚ್ಚು ಕೊಟ್ಟೆ.

ನಾಯಕಿ ಓಡಿದಳು, ಎಡವಿ ಬಿದ್ದಳು. ಪುಟ್ಟಮ್ಮ ಮಚ್ಚು ಬಿಸಾಕಿ ಅವಳನ್ನು ಎತ್ತಿ ಕೂರಿಸಿ, "ಏಟಾಯ್ತಾ ಮಗ?" ಎಂದು ಮಂಡಿ ಉಜ್ಜಿದರು.

"ಅಮ್ಮಾ, ನೀವು ಅವಳನ್ನ ಕೊಲ್ಲಬೇಕು!" ಎಂದೆ.

"ಆಯ್ತು ಸಾ."

ಎರಡನೇ ಸಲವೂ ಅದೇ. ಮೂರನೇ ಸಲ ಸೆರಗಿನಿಂದ ಅವಳ ಮೈಮೇಲಿನ ಮಣ್ಣನ್ನೂ ಒರೆಸಿದರು. ಬೆಳಕು ಇಳಿಯುತ್ತಿತ್ತು. ನಾನು ತಲೆ ಚಚ್ಚಿಕೊಂಡು ಕೂಗಾಡಿದೆ.

ಪುಟ್ಟಮ್ಮ ಮುಖವಾಡ ಮೇಲೆತ್ತಿ ನನ್ನನ್ನೇ ಗದರಿದರು. "ಸಾಯ್ಸದು ಇದ್ದೇ ಅದೆ ಕಣ್ ಸಾ, ಎಲ್ಲೋದಾತು? ಬಿದ್ದೋಳ್ನ ಮೊದ್ಲು ಎತ್ತಬ್ಯಾಡ್ವಾ?"

ಕ್ಯಾಮೆರಾ ಇನ್ನೂ ಓಡುತ್ತಿತ್ತು. ನಿರ್ದೇಶಕ ಹೊಟ್ಟೆ ಹಿಡಿದುಕೊಂಡು ನಕ್ಕು, ಅದನ್ನೆಲ್ಲ ಹಾಗೇ ಸಿನಿಮಾದಲ್ಲಿ ಇಟ್ಟುಕೊಂಡ. ತೆರೆಯ ಮೇಲೆ ತೋರಿಸಿದಾಗ ಜನ ಮನಸಾರೆ ನಕ್ಕಿದ್ದು ಅದೊಂದೇ ಕಡೆ. "ಆ ಸೀನ್ ನಿಮಗೆ ಹೇಗೆ ಹೊಳೀತು?" ಎಂದು ಕೇಳುವವರಿಗೆಲ್ಲ, ಬಹಳ ಕಷ್ಟಪಟ್ಟೆ ಎಂದಷ್ಟೇ ಹೇಳುತ್ತೇನೆ. ಸುಳ್ಳೇನಲ್ಲ.