ಅಂಗಳದ ಡ್ರಮ್ಮಿನಲ್ಲಿ ದೋಣಿಯ ಇಂಜಿನ್ನು

ತೆಂಗಿನಕಾಯಿ ಕೊಳ್ಳುವಾಗ ಕಿವಿಯ ಹತ್ತಿರ ಹಿಡಿದು ಅಲುಗಿಸುವ ಅಭ್ಯಾಸ ನಿಮಗೂ ಇರಬೇಕು. ನಿನ್ನೆ ಮಾರ್ಕೆಟ್ಟಿನಲ್ಲಿ ಹಾಗೆ ಅಲುಗಿಸುತ್ತ ನಿಂತವಳು, ಒಳಗೆ ನೀರು ಕುಲುಕಿದ್ದು ಕೇಳಿದ ಕೂಡಲೇ ಒಬ್ಬಳೇ ನಕ್ಕುಬಿಟ್ಟೆ. ಅಂಗಡಿಯವ ಬಿಡಲಿಲ್ಲ. "ಯಾಕ್ರಿ ಅಕ್ಕಾರ, ಕಾಯಿ ಏನರೆ ಹೇಳ್ತೇನ್ರಿ?" ಎಂದ. ಹೇಳಿತ್ತು. ಆದರೆ ಅಂಗಡಿಯ ಮುಂದೆ ನಿಂತು ಹೇಳಿ ಮುಗಿಸುವಂಥದ್ದಲ್ಲ ಅದು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಒಂದು ಶನಿವಾರ. ಬೀದರಿನ ನಮ್ಮ ಮನೆಯಲ್ಲಿ ಬೆಳಗು ಎಂದಿನಂತೆಯೇ ಆಗಿತ್ತು. ಹಾಲು ಕಾಸಿದೆ, ರೊಟ್ಟಿ ಬಡಿದೆ, ಪುಂಡಿಪಲ್ಯ ಕುದಿಯಲು ಇಟ್ಟೆ. ಔರಾದಿನ ಕಚೇರಿಗೆ ಹೋಗುವ ನನ್ನ ಯಜಮಾನರು ದಿನದಂತೆ ಕರವಸ್ತ್ರ ಎಲ್ಲಿ ಎಂದು ಕೂಗಿದರು, ಅದು ದಿನದಂತೆ ಅವರ ಜೇಬಿನಲ್ಲೇ ಸಿಕ್ಕಿತು. ಅದನ್ನೇ ಮೂಗಿಗೆ ಒತ್ತಿಕೊಂಡು ಅವರು ಅಂಗಳ ದಾಟಿದರು. ಅಂಗಳ ದಾಟುವಾಗ ಮೂಗು ಮುಚ್ಚಿಕೊಳ್ಳುವುದೂ ನಮ್ಮ ಮನೆಯ ದಿನಚರಿಯೇ ಆಗಿಹೋಗಿತ್ತು.

ಅಂಗಳದಲ್ಲಿ ಒಂದು ದೊಡ್ಡ ಡ್ರಮ್ಮು. ಅದರ ತುಂಬ ನೀರು. ಅದರ ಅಂಚಿಗೆ ಬಿಗಿದ ದೋಣಿಯ ಇಂಜಿನ್ನು, ತಿರುಗುವ ರೆಕ್ಕೆಯ ಕಡೆ ನೀರೊಳಗೆ, ತಲೆ ಮಾತ್ರ ಹೊರಗೆ. ಕೆರೆಗಿಳಿದು ಇನ್ನು ಏಳುವುದಿಲ್ಲವೆಂದು ಹಟ ಹಿಡಿದ ಎಮ್ಮೆಯ ಹಾಗೆ. ಎದುರಿಗೆ ಮಣೆಯ ಮೇಲೆ ನನ್ನ ಮಾವ.

ಸಮುದ್ರವಿಲ್ಲದ ಊರಿನಲ್ಲಿ ದೋಣಿಯ ಇಂಜಿನ್ನು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಕೇಳಿದ್ದೆ. ಭಾಲ್ಕಿಯ ಕಡೆ ಕಾರಂಜಾ ಜಲಾಶಯದ ಹಿನ್ನೀರಿದೆಯಲ್ಲ, ಅದರ ಆಚೆ ದಂಡೆಯ ಹಳ್ಳಿಯಲ್ಲಿ ನಮ್ಮತ್ತೆಯ ತಂಗಿ ಇದ್ದಾರೆ. ಈಚೆ ದಂಡೆಯಲ್ಲಿ ನಿಂತರೆ ಅವರ ಮಾಳಿಗೆಯ ಮೇಲೆ ಒಣಗುವ ಸೀರೆಯ ಬಣ್ಣ ಕಾಣುತ್ತದೆ. ರಸ್ತೆಯಲ್ಲಿ ಹೋಗುವುದಾದರೆ ಮಾತ್ರ ಭಾಲ್ಕಿಯಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ನೀರನ್ನೆಲ್ಲ ಸುತ್ತಿ ಹೋಗಬೇಕು. ನಮ್ಮತ್ತೆಗೆ ಬಸ್ಸು ಹತ್ತಿದರೆ ಹೊಟ್ಟೆ ತೊಳಸುತ್ತದೆ. ಹೀಗಾಗಿ ಅಕ್ಕತಂಗಿಯರು ಫೋನಿನಲ್ಲೇ ಅತ್ತು ಫೋನಿನಲ್ಲೇ ನಗುತ್ತಿದ್ದರು. ಮಾವ ನೌಕರಿಯಿಂದ ನಿವೃತ್ತರಾದದ್ದೇ ತಡ, ಹಿನ್ನೀರಿನಲ್ಲಿ ಮೀನು ಹಿಡಿಯುವವರ ಹಳೆಯ ದೋಣಿಯನ್ನು ಇಂಜಿನ್ನಿನ ಸಮೇತ ಕೊಂಡರು. "ನಿನ್ನ ತಂಗಿ ಮನಿಗೆ ನೀರ ಮ್ಯಾಲ ಕರ್ಕೊಂಡು ಹೋಗ್ತೇನಿ" ಎಂದು ಅತ್ತೆಗೆ ಮಾತು ಕೊಟ್ಟರು.

ದೋಣಿ ಚೆನ್ನಾಗಿಯೇ ಇತ್ತು. ಇಂಜಿನ್ನು ಸೋರುತ್ತಿತ್ತು. ಅದರ ಕಾರ್ಬೊರೇಟರಿನ ಕೆಳಗಿನಿಂದ ತೊಟ್ ತೊಟ್ ಎಂದು ಪೆಟ್ರೋಲು. ಒಣಹಾಕಿದ ಬಟ್ಟೆಗೆ ಅದೇ ವಾಸನೆ, ಬಿಸಿಲಿಗಿಟ್ಟ ಸಂಡಿಗೆಗೆ ಅದೇ ವಾಸನೆ. ಭಾಲ್ಕಿಯ ಒಬ್ಬ ಮೆಕ್ಯಾನಿಕ್ ವಾಷರು ಬದಲಿಸಿಕೊಟ್ಟ. ಬೀದರಿನ ಇನ್ನೊಬ್ಬ ಬೂದುಬಣ್ಣದ ಅಂಟು ಮೆತ್ತಿಕೊಟ್ಟ. ಕೊನೆಗೆ ಮಾವ ತಮ್ಮದೇ ಔಷಧ ಶುರು ಮಾಡಿದರು. ಪೆಟ್ರೋಲ್ ಟ್ಯಾಂಕು ಸೋರಿದರೆ ಸಾಬೂನು ತಿಕ್ಕುವುದು ನಮ್ಮ ಕಡೆಯ ಡ್ರೈವರುಗಳಿಗೆಲ್ಲ ಗೊತ್ತಿರುವ ವಿದ್ಯೆ. ಮಾವ ಅತ್ತೆಯ ಗಂಧದ ಸಾಬೂನನ್ನೇ ನಾದಿ ಸೋರುವ ತೂತಿಗೆ ತುಂಬಿದರು. ಎರಡು ದಿನ ನಮ್ಮ ಇಂಜಿನ್ನು ಮದುವೆಗೆ ಹೊರಟವರ ಹಾಗೆ ಘಮಘಮಿಸಿತು. ಆಮೇಲೆ ಬೇರೆ ಸಂದಿಯಿಂದ ಸೋರಿತು.

ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದ್ದರು. "ಸೋರೂ ಬೋಟಿನ್ಯಾಗ ನಾ ಕೂಡಂಗಿಲ್ಲ. ನೀರಾಗ ಮುಳುಗಿ ಸತ್ರ ಜನ ಅಳ್ತಾರ. ನೀರಿನ ಮ್ಯಾಲ ಸುಟ್ಟು ಸತ್ರ ನಗ್ತಾರ."

ಆ ಶನಿವಾರದ ಮರುದಿನ ಅತ್ತೆಯ ತಂಗಿಯ ಮೊಮ್ಮಗಳ ತೊಟ್ಟಿಲು. ಮಾವ ಫೋನಿನಲ್ಲಿ ತಮ್ಮ ಷಡ್ಡಕರಿಗೆ, ಅಂದರೆ ಆ ತಂಗಿಯ ಗಂಡನಿಗೆ, "ಬೋಟಿನ್ಯಾಗ ಬರ್ತೇವಿ" ಎಂದು ಹೇಳಿಬಿಟ್ಟಿದ್ದರು. ಅವರು ಆ ಕಡೆಯಿಂದ ಮನೆಯವರಿಗೆಲ್ಲ ಕೇಳುವ ಹಾಗೆ ನಕ್ಕಿದ್ದರು. "ಬರ್ರಿ ಬರ್ರಿ. ದಂಡಿ ಮ್ಯಾಲ ಬಾಜಾ ಇಡಸ್ತೇನಿ. ಖರೇನ ಬಂದ್ರ ನೀವು ದೊಡ್ಡವ್ರು ಅಂತ ಒಪ್ತೇನಿ!"

ಅಂಗಳ ದಾಟಿದ ಯಜಮಾನರು ಗೇಟಿನಲ್ಲಿ ನಿಂತು, ಕರವಸ್ತ್ರ ತೆಗೆದು ಹೇಳಿದರು. "ಅಪ್ಪಾ, ಸಾಕಿನ್ನ. ಒಂದಿನ ಮನಿಗೇ ಬೆಂಕಿ ಹತ್ತತದ. ಗುಜರಿಯವಗ ಹೇಳೀನಿ, ಸಂಜಿಗೆ ಬಂದು ಒಯ್ತಾನ. ನಾಳಿ ಎಲ್ಲಾರೂ ಬಸ್ಸಿಗೆ ಹೋಗೂಣು."

"ಬಸ್ಸಿಗಾದ್ರ ನನ್ನ ಬಿಟ್ಟು ಹೋಗ್ರಿ" ಎಂದರು ಅತ್ತೆ ಒಳಗಿನಿಂದ.

ಮಾವ ಹಳೆಯ ಧೋತರದ ತುಂಡಿನಿಂದ ಇಂಜಿನ್ನಿನ ತಲೆ ಒರೆಸುತ್ತಲೇ ಇದ್ದರು, ಊರಿಗೆ ಹೊರಟ ಮಗುವಿನ ಮುಖ ಒರೆಸುವ ಹಾಗೆ. ಅವರು ಜಗಳವಾಡಿದ್ದರೆ ನಾನು ಅಡಿಗೆಮನೆಯಲ್ಲೇ ಇರುತ್ತಿದ್ದೆನೇನೋ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಇಂಜಿನ್ನಿನ ವಿಷಯ ಅಲ್ಲಿ ಯಾರೂ ಕಲಿಸಲಿಲ್ಲ. ಕಲಿಸಿದ್ದು ಕಸೂತಿ. ನಮ್ಮ ಹೊಲಿಗೆಯ ಸಿಸ್ಟರ್ ಒಬ್ಬರಿದ್ದರು. ನಾವು ಹೂವು, ಗಿಣಿ, ಬಳ್ಳಿ ಬಿಡಿಸಿ ಹೆಮ್ಮೆಯಿಂದ ಕೊಟ್ಟರೆ ಮೇಲುಗಡೆ ನೋಡುತ್ತಲೇ ಇರಲಿಲ್ಲ. ಬಟ್ಟೆ ಮಗುಚಿ ಹಿಂಬದಿಯ ಗಂಟುಗಳನ್ನು ನೋಡುತ್ತಿದ್ದರು. "ಗಿಣಿ ಚೆನ್ನಾಗಿದೆ ಮಗು, ಅದರ ಹೊಟ್ಟೆಯೊಳಗೆ ಏನಿದು ಗಲಾಟೆ?" ಎನ್ನುತ್ತಿದ್ದರು. ನನ್ನ ಗಿಣಿಗಳ ಹೊಟ್ಟೆ ಯಾವಾಗಲೂ ಕೆಟ್ಟಿರುತ್ತಿತ್ತು. ಆದರೂ ಏನನ್ನು ಕಂಡರೂ ಒಮ್ಮೆ ಮಗುಚಿ ನೋಡುವ ಚಟ ಅಲ್ಲಿಂದ ಅಂಟಿತು. ನನ್ನ ನಾದಿನಿಯರು ಸೀರೆ ತೋರಿಸಿದರೂ ಮೊದಲು ಹಿಂಬದಿ ನೋಡಿ ಬೈಸಿಕೊಂಡಿದ್ದೇನೆ.

ಶನಿವಾರವಾದ್ದರಿಂದ ದೇವರಿಗೆ ಕಾಯಿ ಒಡೆಯಬೇಕಿತ್ತು. ಬುಟ್ಟಿಯಿಂದ ಒಂದನ್ನು ತೆಗೆದು, ಅಲುಗಿಸಿ, ನೀರಿದೆ ಎಂದು ಖಾತ್ರಿ ಮಾಡಿಕೊಂಡು, ಅದನ್ನು ಹಿಡಿದುಕೊಂಡೇ ಅಂಗಳಕ್ಕೆ ಬಂದೆ. ಮಾವ ಕಾರ್ಬೊರೇಟರನ್ನು ಇನ್ನೊಮ್ಮೆ ಬಿಚ್ಚಿ ಭಾಗಗಳನ್ನೆಲ್ಲ ಪೇಪರಿನ ಮೇಲೆ ಹರಡಿದ್ದರು. ಅವುಗಳ ನಡುವೆ ಕುಂಕುಮದ ಭರಣಿಯಂಥ ಒಂದು ಪುಟ್ಟ ಹಿತ್ತಾಳೆಯ ಡಬ್ಬಿ. ಎಲ್ಲ ಕಡೆಯೂ ಮುಚ್ಚಿದ್ದು.

"ಇದೇನ್ರಿ ಮಾಮಾ?"

"ಫ್ಲೋಟ್ ಅವ್ವಾ. ಪೆಟ್ರೋಲಿನ ಮ್ಯಾಲ ತೇಲ್ತದ. ಒಳಗ ಸಾಕಷ್ಟು ತುಂಬತು ಅಂದ್ರ ಮ್ಯಾಲೆದ್ದು ಪೆಟ್ರೋಲ್ ಬರೂ ದಾರಿ ಮುಚ್ಚತದ."

"ನಮ್ಮ ಮಾಳಿಗಿ ಮ್ಯಾಲಿನ ನೀರಿನ ಟಾಕಿಯೊಳಗಿನ ಗುಂಡಿನ ಹಾಂಗ?"

"ಹೂಂ. ಅದರ ತಮ್ಮ ಇದು."

ನಾನು ಅದನ್ನು ಎತ್ತಿಕೊಂಡೆ. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಫ್ಲೋಟು. ಮುಂದಿನದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ಕೈ ಮಾಡಿತು ಎನ್ನಬೇಕು. ಕಿವಿಯ ಹತ್ತಿರ ಹಿಡಿದು ಅಲುಗಿಸಿದೆ.

ಕುಲುಕಿತು. ಎಳೆಗಾಯಿಯ ಹಾಗೆ, ಸಣ್ಣಗೆ.

"ಮಾಮಾ, ಇದರಾಗ ನೀರದ."

"ಹುಚ್ಚಿ, ಅದರಾಗ ಎಲ್ಲಿಂದ ನೀರು? ಒಳಗ ಬರೇ ಗಾಳಿ. ಖಾಲಿ ಇರ್ತದ."

"ಖಾಲಿ ಇರ್ಬೇಕಲ್ರಿ?"

ಮಾವ ಅದನ್ನು ಇಸಿದುಕೊಂಡು ತಮ್ಮ ಕಿವಿಗೆ ಹಿಡಿದರು. ಒಮ್ಮೆ ಅಲುಗಿಸಿದರು. ಇನ್ನೊಮ್ಮೆ. ಅವರ ಮುಖದಲ್ಲಿ ನಿಧಾನವಾಗಿ ಅರಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಒಂದು ಬೇಸಿಗೆಯಲ್ಲಿ ನಮ್ಮ ಟಾಕಿಯ ಗುಂಡು ಸೀಳಿ, ಒಳಗೆ ನೀರು ಹೊಕ್ಕು, ತೇಲಲಾರದೆ ಕೆಳಗೆ ಕೂತಿತ್ತು. ಟಾಕಿ ತುಂಬಿದರೂ ನಲ್ಲಿ ಮುಚ್ಚದೆ, ಹೆಚ್ಚಾದ ನೀರೆಲ್ಲ ಪೈಪಿನಿಂದ ಪಕ್ಕದ ಮನೆಯ ನಸೀಮ್ ಬಾಜಿಯ ಹಪ್ಪಳದ ಮೇಲೆ ಸುರಿದಿತ್ತು. ಆಗ ಆ ಪೈಪಿಗೆ ಯಾರೂ ಸಾಬೂನು ತುಂಬಲಿಲ್ಲ. ಮೇಲೆ ಹತ್ತಿ ಗುಂಡು ಬದಲಿಸಿದೆವು. ಇಂಜಿನ್ನಿನಲ್ಲಿ ಮಾತ್ರ ನಾವೆಲ್ಲ ಸೋರುವ ಜಾಗವನ್ನೇ ಮುಚ್ಚುತ್ತ ಕೂತಿದ್ದೆವು. ಅದು ಸೋರುತ್ತಿರಲೇ ಇಲ್ಲ; ಪೆಟ್ರೋಲು ಹೊಕ್ಕ ಫ್ಲೋಟು ಮೇಲೇಳದೆ, ದಾರಿ ಮುಚ್ಚದೆ, ತುಂಬಿ ತುಳುಕುತ್ತಿತ್ತು.

"ಕಾನ್ವೆಂಟ್ ಸಾಲ್ಯಾಗ ಇದನ್ನೂ ಕಲಸ್ತಾರೇನವ್ವಾ?" ಎಂದರು ಮಾವ.

"ಇಲ್ರಿ ಮಾಮಾ, ಇದು ಕಾಯಿಪಲ್ಯದ ಮಾರ್ಕೆಟ್ಟಿನ ಸಾಲಿ."

ಬಿಸಿನೀರು ಕಾಸಿ ಅಂಗಳಕ್ಕೆ ತಂದೆ. ಫ್ಲೋಟನ್ನು ಒಲೆಯ ಹತ್ತಿರ ತಂದರೆ ನಿಮ್ಮಿಬ್ಬರನ್ನೂ ಹೊರಗೆ ಹಾಕುತ್ತೇನೆ ಎಂದು ಅತ್ತೆ ಮೊದಲೇ ಕೂಗಿದ್ದರು. ಚಮಚದಿಂದ ಅದುಮಿ ಹಿಡಿದು ನೀರಲ್ಲಿ ಮುಳುಗಿಸಿದಾಗ ಬೆಸೆದ ಅಂಚಿನಿಂದ ಗುಳ್ಳೆಗಳು ಎದ್ದವು, ಸಾಸಿವೆಯಷ್ಟು ಸಣ್ಣವು, ಒಂದರ ಹಿಂದೆ ಒಂದು ಮಣಿಸರದ ಹಾಗೆ. ಕಣ್ಣಿಗೆ ಕಾಣದ ತೂತು ತನ್ನ ವಿಳಾಸ ತಾನೇ ಹೇಳಿತು. ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದೆ. ತೂತು ಕೆಳಗಾಗಿ ಹಿಡಿದು ಮತ್ತೆ ಮತ್ತೆ ಬಿಸಿನೀರಿನಲ್ಲಿ ಅದ್ದಿ ಒಳಗಿನ ಪೆಟ್ರೋಲನ್ನೆಲ್ಲ ಹೊರಹಾಕಿದೆವು. ಆಮೇಲೆ ಮೊರದಲ್ಲಿಟ್ಟು ಮಾಳಿಗೆಯ ಬಿಸಿಲಿಗೆ ಒಯ್ದೆ. ಮಧ್ಯಾಹ್ನ ಕಳೆಯುವವರೆಗೆ ಅದು ಅಲ್ಲೇ ಒಣಗಿತು. ಅಷ್ಟರಲ್ಲಿ ಪೆಟ್ರೋಲು ಕುಡಿದ ಹಳೆಯ ಚಿಂದಿಗಳನ್ನೆಲ್ಲ ದೂರ ಎಸೆದು, ಅಂಗಳದ ಪರಸಿಕಲ್ಲನ್ನು ಸಾಬೂನು ಪುಡಿ ಹಾಕಿ ಉಜ್ಜಿ ತೊಳೆದೆ. ಸಾಬೂನಿಗೂ ಒಂದು ಸರಿಯಾದ ಕೆಲಸ ಸಿಕ್ಕಿತು.

ಫ್ಲೋಟನ್ನು ಅಲುಗಿಸಿದರೆ ಸದ್ದಿಲ್ಲ. ಮೂಸಿದರೆ ವಾಸನೆಯಿಲ್ಲ. ಮಾವ ರೇಡಿಯೋ ರಿಪೇರಿಯ ಬೆಸುಗೆ ಕಡ್ಡಿ ಕಾಯಿಸಿಕೊಂಡು ಕೂತರು. ನಾನು ಅಡಿಗೆಮನೆಯ ಇಕ್ಕಳದಲ್ಲಿ ಫ್ಲೋಟು ಹಿಡಿದೆ.

"ಕೈ ನಡಗಸಬ್ಯಾಡ" ಎಂದರು.

"ನಾ ಅಲ್ರಿ ಮಾಮಾ, ನೀವು."

ಇಬ್ಬರೂ ನಕ್ಕೆವು, ಇಬ್ಬರ ಕೈಯೂ ನಿಂತಿತು. ಮೂಗುಬೊಟ್ಟಿನಷ್ಟು ಬೆಸುಗೆ ಗುರುತಿನ ಮೇಲೆ ಸರಿಯಾಗಿ ಕೂತಿತು. ಮತ್ತೆ ಬಿಸಿನೀರಿನಲ್ಲಿ ಮುಳುಗಿಸಿದೆವು. ಒಂದು ಗುಳ್ಳೆಯೂ ಇಲ್ಲ.

ಕಾರ್ಬೊರೇಟರಿನ ತೂತಿನಲ್ಲಿ ಉಳಿದಿದ್ದ ಗಂಧದ ಸಾಬೂನನ್ನು ನನ್ನ ತಲೆಪಿನ್ನಿನಿಂದ ಕೆದರಿ ತೆಗೆದು, ಎಲ್ಲವನ್ನೂ ಜೋಡಿಸಿ, ಕೆಳಗೆ ಒಂದು ಹಾಳೆ ಪೇಪರು ಹಾಸಿದೆವು. ಒಂದು ಹನಿ ಬಿದ್ದರೂ ಕಲೆ ಕಾಣಬೇಕು. ಮಾವ ಪೆಟ್ರೋಲಿನ ಕೀಲಿ ತಿರುಗಿಸಿದರು. ನಾವಿಬ್ಬರೂ ಬಗ್ಗಿ ಆ ಪೇಪರನ್ನು ನೋಡಿದಷ್ಟು ಶ್ರದ್ಧೆಯಿಂದ ಯಾವ ಪೇಪರನ್ನೂ ಯಾರೂ ಓದಿರಲಾರರು. ಅದು ಒಣಗಿದ್ದು ಒಣಗಿದಂತೆಯೇ ಇತ್ತು.

ಹಗ್ಗ ಎಳೆದರು. ಇಂಜಿನ್ನು ಕೆಮ್ಮಿತು. ಇನ್ನೊಮ್ಮೆ ಎಳೆದರು, ಗದರಿತು. ಮತ್ತೊಮ್ಮೆ ಎಳೆದದ್ದೇ ತಡ, ಬೇವಿನ ಮರದ ಕಾಗೆಗಳೆಲ್ಲ ಎದ್ದವು; ಡ್ರಮ್ಮಿನ ನೀರು ಉಕ್ಕಿ ತುಳಸಿಕಟ್ಟೆ ತೊಯ್ದಿತು, ನಾನು ತೊಯ್ದೆ, ಮಾವನ ಕನ್ನಡಕ ತೊಯ್ದಿತು. ಆ ಗದ್ದಲದಲ್ಲಿ ಅವರು ಏನೋ ಕೂಗುತ್ತಿದ್ದರು. ಬಾಯಿ ಕಾಣುತ್ತಿತ್ತು, ಮಾತು ಕೇಳಿಸಲಿಲ್ಲ. ನಾನೂ ಕೂಗಿದೆ. ಏನು ಕೂಗಿದೆನೋ ನನಗೂ ಕೇಳಿಸಲಿಲ್ಲ. ಕಾನ್ವೆಂಟಿನ ಸಿಸ್ಟರಿಗೆ ಕೇಳಿಸದೆ ಇದ್ದರೆ ಸಾಕು.

ಅತ್ತೆ ಹೊಸ್ತಿಲ ಮೇಲೆ ನಿಂತಿದ್ದರು. ಇಂಜಿನ್ನು ನಿಲ್ಲಿಸಿದ ಮೇಲೆ ಕೇಳಿದರು. "ಸದ್ದು ಆತು, ಖರೇ. ವಾಸನಿ?"

"ಇಲ್ಲ ಇಲ್ಲ, ಒಂದೀಟೂ ಇಲ್ಲ" ಎಂದೆವು ನಾವಿಬ್ಬರೂ.

"ನಿಮ್ಮ ಮೂಗು ಸತ್ತು ಭಾಳ ದಿನ ಆತು. ನಂದೂ ಅಷ್ಟ. ಈ ಮನ್ಯಾಗಿನ ಯಾರ ಮೂಗೂ ನಾ ನಂಬಂಗಿಲ್ಲ. ಹೊರಗಿನವ್ರು ಯಾರರೆ, ಕೇಳದನ ತಾವಾಗೇ ವಾಸನಿ ಇಲ್ಲ ಅಂದ್ರ ಬೋಟು ಹತ್ತತೇನಿ."

ಕೇಳದೆಯೇ ಬಂದು ಹಾಗೆ ಹೇಳುವವರು ಯಾರಿದ್ದಾರೆ? ಮಾವ ಇಂಜಿನ್ನಿನ ಮೇಲೆ ಗೋಣಿಚೀಲ ಹೊದಿಸಿ, ಅದಕ್ಕೆ ಆತುಕೊಂಡು ಕೂತರು. ಸಂಜೆಯಾಯಿತು. ಯಜಮಾನರು ಔರಾದಿನಿಂದ ಬಂದರು, ಅವರ ಹಿಂದೆಯೇ ಗುಜರಿಯವನ ತಳ್ಳುಗಾಡಿಯೂ ಬಂದು ಗೇಟಿನ ಮುಂದೆ ನಿಂತಿತು. ನಡೆದದ್ದನ್ನೆಲ್ಲ ನಾನು ಒಂದೇ ಉಸಿರಿಗೆ ಹೇಳಿದೆ. ಅವರು ಇನ್ನೂ ಗೇಟಿನಲ್ಲೇ, ಇನ್ನೂ ಕರವಸ್ತ್ರ ಹಿಡಿದೇ, ಅವ್ವನ ಮುಖ ನೋಡಿದರು. ಅತ್ತೆ ಕಟ್ಟೆಯ ಮೇಲೆ ಮೆಂತ್ಯ ಸೋಸುತ್ತ ಕೂತಿದ್ದರು.

ಅದೇ ಹೊತ್ತಿಗೆ ಗೋಡೆಯ ಆಚೆ ಬಳೆಗಳ ಸದ್ದು. ಬೆಳಿಗ್ಗೆಯೇ ಬಗದಲ್‌ಗೆ ಮಗಳ ಮನೆಗೆ ಹೋಗಿದ್ದ ನಸೀಮ್ ಬಾಜಿ ಆಗಷ್ಟೇ ಬಸ್ಸಿಳಿದು ಬಂದಿದ್ದರು. ತಂತಿಯ ಮೇಲಿನ ಬಟ್ಟೆಗಳನ್ನು ಎಳೆದುಕೊಳ್ಳುತ್ತ, ಒಂದು ದುಪಟ್ಟಾವನ್ನು ಅಭ್ಯಾಸದಂತೆ ಮೂಗಿಗೆ ಹಿಡಿದು ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಗೇಟಿನ ಮುಂದಿನ ತಳ್ಳುಗಾಡಿಯ ಕಡೆ ಕಣ್ಣು ಹಾಯಿಸಿ, ಒಳಗೆ ಹೋಗುತ್ತ ಹೋಗುತ್ತ ಕೂಗಿದರು.

"ಅವ್ವಾರ, ಇಂಜಿನ್ ಮಾರಿಬಿಟ್ರೇನ್ರಿ? ಅದಕ್ಕ ಇವತ್ತ ವಾಸನಿನೇ ಇಲ್ಲ ನೋಡ್ರಿ!"