ಯಮನವ್ವ ಸುಣ್ಣ ಬಳಿದ ಕಲ್ಲು

ಎಂಟನೆಯ ಬುಟ್ಟಿ ತುಂಬುತ್ತಿದೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೊಳದ ಕೊನೆಯ ಮೆಟ್ಟಿಲಲ್ಲಿ ನಿಂತ ಯಮನವ್ವ ತೆಂಗಿನ ಗೆರಟೆಯಿಂದ ಕೆಂಪು ಲೋಳೆಯನ್ನು ಬಾಚಿ ಹಾಕುತ್ತಿದ್ದಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಲ್ಲಿನ ಸಂದಿಯಿಂದ ಬುಳುಬುಳು ಉಕ್ಕುವ ನೀರಿಗೆ ಹಳೆಯ ಕಬ್ಬಿಣದ ವಾಸನೆ. ಒಂದು ದಿನ ಬಾಚದೆ ಬಿಟ್ಟರೆ ಮೆಟ್ಟಿಲೆಲ್ಲ ತುಕ್ಕು ಹಿಡಿದಂತೆ ಕೆಂಪಾಗಿ, ಕಾಲಿಟ್ಟವರು ಜಾರುವುದೇ.

"ಪ್ಲಾಸ್ಟಿಕ್ ನಡಿಯೂದಿಲ್ರಿ ಇಲ್ಲಿ. ಕಾಯಿ ಪರಟಿ ಆದ್ರ ಕಲ್ಲಿನ ಮೈಗೆ ಸರಿಯಾಗಿ ಕುಂದರತೈತಿ," ಎನ್ನುತ್ತಾರೆ. ಇಲ್ಲಿಯವರ ಗೆರಟೆ ಅವರ ಬಾಯಲ್ಲಿ ಈಗಲೂ ಪರಟಿಯೇ.

ಕಾರ್ಕಳದಿಂದ ಒಳದಾರಿಯಲ್ಲಿ ಸಿಗುವ ಕೆನ್ನೀರ್ಬೈಲು ಒಂದು ಕಾಲಕ್ಕೆ ದೊಡ್ಡ ಪೇಟೆಯಂತೆ. ಈಗ ಉಳಿದಿರುವುದು ಚಾವಣಿಯಿಲ್ಲದ ಒಂದು ಬಸದಿ, ಹದಿನೇಳು ಕಂಬ, ಮುರಿದ ಕೋಟೆಗೋಡೆ, ನಲವತ್ತೆರಡು ಮೆಟ್ಟಿಲಿನ ಈ ಕೊಳ. ಮೈ ತುರಿಕೆಗೆ ಒಳ್ಳೆಯದೆಂದು ಹೆಜಮಾಡಿಯಿಂದಲೂ ಬಂದು ಕ್ಯಾನು ತುಂಬಿಕೊಳ್ಳುತ್ತಾರೆ. ಭಾನುವಾರ ಮಣಿಪಾಲದ ಮಕ್ಕಳ ದಂಡು. "ಆಂಟಿ, ನೀರು ಬಿಸಿ ಇಲ್ವಾ?" ಎಂದು ಒಬ್ಬರಾದರೂ ಕೇಳದೆ ಇರುವುದಿಲ್ಲ. "ಬಿಸಿ ಬೇಕಂದ್ರ ಮನ್ಯಾಗ ಕಾಸ್ಕೊಂಡು ಬರಬೇಕಿತ್ತವಾ," ಎಂಬ ಉತ್ತರವೂ ತಪ್ಪುವುದಿಲ್ಲ.

ಐವತ್ತನಾಲ್ಕರ ಯಮನವ್ವ ಕುಷ್ಟಗಿ ಕಡೆಯವರು. ಗಂಡ ಈಶಪ್ಪನ ಜೊತೆ ಮಣಿಪಾಲದ ಕಟ್ಟಡಗಳಿಗೆ ಜಲ್ಲಿ ಹೊರಲು ಬಂದು ಹತ್ತೊಂಬತ್ತು ವರ್ಷವಾಯಿತು. ಈಶಪ್ಪ ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ದುಡಿಯುವ ಕೈ ಇವರೊಬ್ಬರದೇ. ಮನೆಯಲ್ಲಿ ರೊಟ್ಟಿ ಬಡಿಯುವುದು ಈಶಪ್ಪ. ಇಲ್ಲಿ ಗುತ್ತಿಗೆಯ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ದಿನಕ್ಕೆ ಹದಿನಾರು ಬುಟ್ಟಿ ಲೋಳೆ. ಬೇಡ ಎಂದು ಯಾರಾದರೂ ಒಂದು ಮಾತು ಹೇಳಿದರೆ ಮರುದಿನ ಕೆಲಸವಿಲ್ಲ.

ಕೊಳದ ಹಿಂದೆ ಪೊದೆಯೊಳಗೆ ಒರಗಿದ್ದ ಆ ಕಪ್ಪು ಚಪ್ಪಡಿ ಅವರ ಕಣ್ಣಿಗೆ ಬಿದ್ದದ್ದು ಸೇರಿದ ಮೊದಲ ವರ್ಷವೇ. ತಲೆಯಲ್ಲಿ ಸೂರ್ಯ, ಚಂದ್ರ, ಕೆಳಗೆ ಕರುವಿಗೆ ಹಾಲೂಡುವ ಹಸು. ಅವರ ಊರಿನಲ್ಲಿ ಒಂದು ಕಲ್ಲು ದೇವರಾಗಲು ಇಷ್ಟು ಸಾಕು. ಅಮಾವಾಸ್ಯೆಗೊಮ್ಮೆ ಸುಣ್ಣ ಬಳಿದು, ಅರಿಶಿನ ಕುಂಕುಮ ಇಟ್ಟು ಕೈಮುಗಿದರು. ಹಾಗೆಯೇ ಹತ್ತು ವರ್ಷ. ಹೋದ ಮಳೆಗಾಲದಲ್ಲಿ ಸುಣ್ಣದ ಪದರ ಎದ್ದು ಬಂತು. ಒಳಗೆ ಸಾಲು ಸಾಲು ಗೀರುಗಳು. ಓದು ಬಾರದ ಯಮನವ್ವ, ಗೇಟಿನ ಬಳಿ ಶರಬತ್ತಿನ ಅಂಗಡಿ ಇಟ್ಟಿರುವ ಡುಲ್ಸಿನ್ ಬಾಯಿಯನ್ನು ಕರೆದು ತೋರಿಸಿದರು.

"ಅಯ್ಯೋ ದೇವರೇ, ಇದು ಶಾಸನ ಮಾರಾಯ್ತಿ! ನೀನು ಎಂತ ಮಾಡಿ ಇಟ್ಟದ್ದು?"

ಸುಣ್ಣ ಅಕ್ಷರಗಳೊಳಗೆ ಇಳಿದು ಗಟ್ಟಿಯಾಗಿತ್ತು. ಚೌತಿಯ ಮರುದಿನ ಡುಲ್ಸಿನ್ ಪುರಾತತ್ತ್ವ ಇಲಾಖೆಗೆ ಕಾಗದ ಬರೆಯಲು ಕುಳಿತರು. ಸುಣ್ಣದ ಸಂಗತಿ ಬಂದಲ್ಲಿ ಪೆನ್ನು ನಿಂತಿತು. "ಅದೊಂದು ಬಿಡುವ, ಅಲ್ವಾ?"

"ಬ್ಯಾಡ್ರಿ ಬಾಯಾರ. ಬಳದಾಕಿ ನಾನು. ಮತ್ತೊಬ್ಬರ ತಲಿಮ್ಯಾಲೆ ಬರಬಾರದು. ಬರೀರಿ."

ಬರೆದದ್ದೇನೋ ಆಯಿತು, ಅಂಚೆಗೆ ಹಾಕಲು ಯಮನವ್ವನಿಗೆ ಕೈ ಬರಲಿಲ್ಲ. ಗುತ್ತಿಗೆಯ ಮೇಸ್ತ್ರಿ ಸುಂದರ ಕೆಟ್ಟವನಲ್ಲ, ಇದ್ದದ್ದನ್ನೇ ಹೇಳಿದ. "ಶಾಸನಕ್ಕೆ ಸುಣ್ಣ ಬಳಿದದ್ದು ಯಾರು ಅಂತ ಅವರು ಮೊದಲು ಕೇಳುವುದು. ಮತ್ತೆ ನಿನ್ನನ್ನು ಇಟ್ಟುಕೊಳ್ಳಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ." ಕಾಗದ ಕುಂಕುಮದ ಡಬ್ಬಿಯ ಅಡಿ ಸೇರಿತು. ಈಗ ಮಾವು ಮಿಡಿ ಬಿಟ್ಟಿದೆ.

ಮೊನ್ನೆ ಮಂಗಳವಾರ ಕಾರು ನಿಲ್ಲಿಸುವ ಜಾಗಕ್ಕೆ ಮೆಟ್ಟಿಲು ಬೇಕೆಂದು ಸುಂದರನ ಆಳುಗಳು ಚಪ್ಪಟೆ ಕಲ್ಲು ಹುಡುಕುತ್ತಾ ಬಂದರು. ಶಾಸನವನ್ನು ನೆಲಕ್ಕೆ ಕೆಡವಿ ಹಾರೆ ಹಾಕುವಷ್ಟರಲ್ಲಿ ಯಮನವ್ವ ಬುಟ್ಟಿ ಎಸೆದು ಓಡಿ, ಅದರ ಮೇಲೆಯೇ ಕುಳಿತುಬಿಟ್ಟರು.

"ಹತ್ತು ವರ್ಷ ಕಾಲು ಸೋಕಿಸಿದಾಕಿ ಅಲ್ರಿ. ಅವತ್ತು ಕುಂಡಿ ಊರಿ ಕುಂತೆ. ಆಮ್ಯಾಲ ಎದ್ದು, ತಪ್ಪಾತಪ್ಪಾ ಅಂತ ಗಲ್ಲ ಗಲ್ಲ ಬಡ್ಕೊಂಡೆ."

ಸುಂದರ ತಲೆ ಕೆರೆದುಕೊಂಡ. "ಇವತ್ತು ನಾನು ಬಿಟ್ಟೆ. ನಾಳೆ ಬೇರೆ ಮೇಸ್ತ್ರಿ ಬಂದ್ರೆ ಎಷ್ಟು ದಿನ ಕೂತ್ಕೊಳ್ತಿ ನೀನು?"

ಆ ಮಾತು ಅವರನ್ನು ಎರಡು ದಿನ ಕೊರೆದಿದೆ. ಇವತ್ತು ಹನ್ನೆರಡನೆಯ ಬುಟ್ಟಿಗೆ ಕೆಲಸ ನಿಲ್ಲಿಸಿ, ಕೈ ತೊಳೆದು, ಚೀಲದಲ್ಲಿ ಕುಂಕುಮದ ಡಬ್ಬಿಯ ಅಡಿ ಇದ್ದ ಲಕೋಟೆ ತೆಗೆಯುತ್ತಾರೆ. ಕುಂಕುಮ ಹತ್ತಿ ಒಂದು ಮೂಲೆ ಕೆಂಪಾಗಿದೆ. ಅಂಗಡಿಯಿಂದ ಡುಲ್ಸಿನ್ ಕೂಗುತ್ತಾರೆ: "ಎಂತ, ಇವತ್ತಾದ್ರೂ ಹಾಕ್ತೀಯಾ? ಇಲ್ಲ, ಅದಕ್ಕೂ ಸುಣ್ಣ ಬಳಿದು ಪೂಜೆ ಮಾಡ್ತೀಯಾ?"

ಬಸ್ಸು ನಿಲ್ಲುವಲ್ಲಿ ಅಂಚೆ ಡಬ್ಬಿ ಉಂಟು. ಯಮನವ್ವ ಲಕೋಟೆಯನ್ನು ಅರ್ಧ ತೂರಿಸಿ, ಬಿಡದೆ ನಿಲ್ಲುತ್ತಾರೆ.

"ಕೆಲಸ ಹೋದ್ರ ಜಲ್ಲಿ ಹೊರಾಕ ಇನ್ನೂ ತಲಿ ಗಟ್ಟಿ ಐತ್ರಿ. ಆದ್ರ ಹತ್ತು ವರ್ಷ ಕೈ ಮುಗದೀನಿ. ಆ ಕಲ್ಲಿನಾಗ ಏನು ಬರದೈತಿ ಅಂತ ನನಗೂ ಒಮ್ಮೆ ಓದಿ ಹೇಳಬೇಕು. ಅದನ್ನೂ ಬರಸೀನಿ, ಕಡೀ ಸಾಲಿನಾಗ."

ಬೆರಳು ಸಡಿಲವಾಗುತ್ತದೆ. ಖಾಲಿ ಡಬ್ಬಿಯ ತಳದಲ್ಲಿ ಟಪ್ ಎಂದು ಸದ್ದಾಗುವವರೆಗೂ ಅವರು ಕಿವಿ ಕೊಟ್ಟು ನಿಂತಿದ್ದಾರೆ.