ಶಂಕ್ರವ್ವನ ಹೆಡ್‌ಫೋನು

ಹೋದ ಸೋಮವಾರ ಬೆಳಿಗ್ಗೆ ನನ್ನ ಮುಖ ನೋಡಿ ನಮ್ಮ ಯಜಮಾನರು, "ಏನಿದು, ಕಿವಿ ಸುತ್ತ ಕಾಡಿಗಿ ಹಚ್ಚಿಕೊಂಡೀಯಲ್ಲ?" ಎಂದರು. ಕನ್ನಡಿ ನೋಡಿಕೊಂಡೆ. ಹೌದು, ಎರಡೂ ಕಿವಿಯ ಸುತ್ತ ಕರಿ ಚೂರುಗಳು ಅಂಟಿದ್ದವು. ಹೆಡ್‌ಫೋನಿನ ಮೆತ್ತೆ ಸಿಪ್ಪೆ ಬಿಟ್ಟಿತ್ತು. ಹೆಡ್‌ಫೋನು ನನ್ನದಲ್ಲ, ಶಂಕ್ರವ್ವನದು. ಎರಡು ವರ್ಷ ಅವಳ ಬೆವರು ಕುಡಿದು ಗಟ್ಟಿಯಾಗಿದ್ದದ್ದು, ನನ್ನ ಕಿವಿಗೆ ಬಂದ ಮೊದಲ ದಿನವೇ ಉದುರಿತು. ಮೂಗಿನ ಹತ್ತಿರ ಹಿಡಿದರೆ ಒಣಮೆಣಸಿನಕಾಯಿಯ ಘಾಟು ಇನ್ನೂ ಇತ್ತು. ಬ್ಯಾಡಗಿಯಲ್ಲೇ ಹುಟ್ಟಿ ಬೆಳೆದ ನಮಗೆ ಆ ಘಾಟು ಗೊತ್ತಾಗುವುದು ಹೊರಗಿನ ನೆಂಟರು ಬಂದು ಸೀನಿದಾಗ ಮಾತ್ರ. ಅವತ್ತು ನಾನೇ ಸೀನಿದೆ.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವಳು. ನಿವೃತ್ತಿಯಾದ ಮೇಲೆ ನನ್ನ ಮಾತು ಕೇಳಲು ಮನೆಯಲ್ಲಿ ಒಬ್ಬರೇ ಉಳಿದರು, ಅವರೂ ಪೇಪರು ಮುಖಕ್ಕೆ ಹಿಡಿದುಕೊಂಡೇ ಕೇಳುತ್ತಾರೆ. ಅಂಥ ಬರಗಾಲದಲ್ಲಿ ನಮ್ಮ ಓಣಿಯ ಶಂಕ್ರವ್ವ ಬಂದು, "ಅಕ್ಕೋರ, ಎಸ್ಸೆಸ್ಸೆಲ್ಸಿಗೆ ಕಟ್ಟಬೇಕಂತ ಮಾಡೇನ್ರಿ, ಹೇಳಿಕೊಡ್ತೀರೇನ್ರಿ?" ಎಂದರೆ ನಾನು ಬೇಡ ಅನ್ನುತ್ತೇನೆಯೇ? ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ಆ ಶಬ್ದ ಕಿವಿಗೆ ಬಿದ್ದು ಬಹಳ ದಿನವಾಗಿತ್ತು. ನನಗೆ ಕಣ್ಣು ತುಂಬಿತು ಎಂದರೆ ನೀವು ನಗಬಾರದು.

ಶಂಕ್ರವ್ವನಿಗೆ ಆಗ ಮೂವತ್ತೆರಡು. ಎಂಟನೇ ತರಗತಿಗೆ ಶಾಲೆ ಬಿಟ್ಟವಳು. ಪೇಟೆಯ ಹಿಂದಿನ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅಂಗನವಾಡಿಗೆ ಸಹಾಯಕಿಯಾಗಬೇಕು ಎನ್ನುವುದು ಅವಳ ಆಸೆ. ಅದಕ್ಕೆ ಹತ್ತನೆಯದು ಪಾಸಾಗಿರಬೇಕು. ವಯಸ್ಸಿನ ಮಿತಿ ದಾಟಲು ಹೆಚ್ಚು ದಿನ ಉಳಿದಿರಲಿಲ್ಲ, ಅಂದರೆ ಪರೀಕ್ಷೆ ಒಂದೇ ಏಟಿಗೆ ಆಗಬೇಕು. ಆ ಕೆಲಸವೇ ಯಾಕೆ ಎಂದು ಕೇಳಿದ್ದಕ್ಕೆ ಅವಳು ಎರಡೂ ಅಂಗೈ ಚಾಚಿ ತೋರಿಸಿದಳು. "ಈ ಕೈಲೆ ನನ್ನ ಮಗಳ ಮಾರಿ ಮುಟ್ಟಾಕ ಬರಂಗಿಲ್ರಿ ಅಕ್ಕೋರ. ಎಷ್ಟ್ ತೊಳಕೊಂಡ್ರೂ ಅಕಿ ಕಣ್ಣು ಉರಿಉರಿ ಅಂತಾಳ."

ಬೆಳಿಗ್ಗೆ ಎಂಟಕ್ಕೆ ಹೋದರೆ ಅವಳು ಬರುವುದು ಹೊತ್ತು ಮುಳುಗಿದ ಮೇಲೆ. ಬಂದವಳು ರೊಟ್ಟಿ ಬಡಿಯಬೇಕು. ಉಳಿದ ವಿಷಯಗಳಿಗೆ ರವಿವಾರದ ಟ್ಯೂಷನ್ ಹಿಡಿದಿದ್ದಳು. ನನ್ನ ವಿಷಯಕ್ಕೆ ಮಾತ್ರ ನಾವೊಂದು ಉಪಾಯ ಮಾಡಿದೆವು. ತೊಟ್ಟು ಬಿಡಿಸುವಾಗ ಕೈಗೆ ಕೆಲಸ, ಕಿವಿ ಖಾಲಿ. ಆದ್ದರಿಂದ ನಾನು ದಿನಕ್ಕೊಂದು ಪಾಠ ಫೋನಿಗೆ ಹೇಳಿ ಕಳಿಸುವುದು, ಅವಳು ಅಲ್ಲಿ ಕೂತು ಕೇಳುವುದು. ಗೋದಾಮಿನಲ್ಲಿ ಹತ್ತು ಜನ ಹತ್ತು ಹಾಡು ಹಚ್ಚಿರುತ್ತಾರೆ, ಕಿವಿಗೆ ಏನಾದರೂ ಬೇಕಿತ್ತು. ನಾನು ಮೂರು ದಿನ ಅಂತರ್ಜಾಲದಲ್ಲಿ ಓದಿದೆ. ಯಾವುದರ ಬೇಸ್ ಜೋರು, ಯಾವುದು ಹೊರಗಿನ ಗದ್ದಲ ತಡೆಯುತ್ತದೆ, ಯಾವುದರ ಬ್ಯಾಟರಿ ಎಷ್ಟು ತಾಸು, ಎಲ್ಲ ಬಾಯಿಪಾಠ ಮಾಡಿ, ಹಾವೇರಿಗೆ ಹೋಗಿ, ಕಿವಿಯ ಒಳಗೆ ತುರುಕುವ ಪುಟ್ಟ ಇಯರ್‌ಬಡ್ ತಂದುಕೊಟ್ಟೆ. ಶಂಕ್ರವ್ವನ ಬೆರಳುಗಳ ಬಗ್ಗೆ ಮಾತ್ರ ಯಾವ ಪುಟದಲ್ಲೂ ಬರೆದಿರಲಿಲ್ಲ.

ಎರಡು ವಾರದ ಮೇಲೆ ನೋಡುತ್ತೇನೆ, ಅವಳ ಕಿವಿಗಳು ಕೆಂಪಗೆ ಬಾತಿವೆ, ಒಳಗೆ ಕೊಬ್ಬರಿ ಎಣ್ಣೆಯ ಹತ್ತಿ. ಮೆಣಸಿನಕಾಯಿ ಹಿಡಿದ ಬೆರಳಿನಿಂದ ದಿನಕ್ಕೆ ಹತ್ತು ಸಲ ಆ ಬಡ್ಡನ್ನು ಕಿವಿಯೊಳಗೆ ಒತ್ತಿಕೊಂಡಿದ್ದಳು. ನನ್ನ ಪಾಠ ಕೇಳಿದಷ್ಟು ಹೊತ್ತೂ ಕಿವಿ ಉರಿದಿದೆ! "ಹುಚ್ಚಿ, ಮೊದಲ ಹೇಳಬಾರದೇನು?" ಎಂದು ಬೈದೆ. "ನೀವು ಕೊಟ್ಟಿದ್ದಲ್ರಿ, ಹ್ಯಾಂಗ ಬ್ಯಾಡ ಅನ್ನೂದು" ಎಂದಳು. ಮೆಣಸಿನಕಾಯಿಯ ಊರಿನಲ್ಲಿ ಅರವತ್ತು ವರ್ಷ ಬಾಳಿದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

ಮುಂದಿನ ರವಿವಾರ ಟ್ಯೂಷನ್ ತಪ್ಪಿಸಿ ಇಬ್ಬರೂ ರಾಣೇಬೆನ್ನೂರಿಗೆ ಹೋದೆವು. ಈ ಸಲ ಆರಿಸುವವಳು ಅವಳು, ನಾನು ಬರೀ ಚೀಲ ಹಿಡಿಯುವವಳು. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿ, ಅಂಗಡಿಯವರು ನನ್ನ ವಾರಿಗೆಯವರೇ. "ಹಾಡಿಗೆ ಬೇಕೋ, ಪಿಚ್ಚರಿಗೆ ಬೇಕೋರಿ?" ಎಂದು ಕೇಳಿದರು. "ಪಾಠಕ್ಕರಿ" ಎಂದಳು ಶಂಕ್ರವ್ವ. ಅವರು ಸ್ವಲ್ಪ ಹೊತ್ತು ನಮ್ಮಿಬ್ಬರನ್ನೂ ನೋಡಿ, ತಲೆಯ ಮೇಲಿಂದ ಹಾಕಿಕೊಳ್ಳುವ ಐದಾರು ಹೆಡ್‌ಫೋನ್ ತೆಗೆದು ಸಾಲಾಗಿ ಇಟ್ಟರು.

ಮೊದಲನೆಯದು ಕಿವಿಯ ಮೇಲೇ ಕೂತು ಬೆಂಡೋಲೆಯನ್ನು ಒತ್ತಿತು. ಬೆಂಡೋಲೆ ತೆಗೆದಿಡು ಎಂದೆ. "ತವರುಮನಿದ್ರಿ, ತೆಗ್ಯಾಂಗಿಲ್ಲ" ಎಂದಳು. ಕಿವಿಯನ್ನು ಪೂರ್ತಿ ಒಳಗೆ ಮಾಡಿಕೊಂಡು ಸುತ್ತಲಿನ ಎಲುಬಿನ ಮೇಲೆ ಕೂರುವಂಥದು ಬೇಕಾಯಿತು. ದೂಳಿಗೆಂದು ತಲೆಗೆ ಕಟ್ಟುವ ವಸ್ತ್ರವನ್ನು ಅವಳು ಜೊತೆಗೇ ತಂದಿದ್ದಳು. ಅದನ್ನು ಕಟ್ಟಿಕೊಂಡು, ಮೇಲೆ ಹೆಡ್‌ಫೋನ್ ಏರಿಸಿ, ಬಗ್ಗಿ ಎದ್ದು ನೋಡಿದಳು. ಜಾರಿದರೆ ಬೆರಳು ತಾಗಿಸದೆ ಮುಂಗೈಯಿಂದ ಸರಿಮಾಡಲು ಬರುತ್ತದೋ ಎಂದು ನೋಡಿದಳು. ಗುಂಡಿಯನ್ನು ಮಣಿಕಟ್ಟಿನಿಂದ ಒತ್ತಿ ನೋಡಿದಳು. ಅಂಗಡಿಯವರು ಉತ್ಸಾಹದಿಂದ ಡಬಡಬ ಅನ್ನುವ ಹಾಡೊಂದು ಹಚ್ಚಿದರು. "ಡೊಳ್ಳು ಛಲೋ ಕೇಳತೈತ್ರಿ. ಮಾತು ಹ್ಯಾಂಗ ಕೇಳತೈತಿ ನೋಡೂಣು" ಎಂದು ತನ್ನ ಫೋನಿನಿಂದ ನನ್ನ ಪಾಠ ಹಚ್ಚಿಸಿಕೊಂಡಳು. ಒಂದೊಂದರಲ್ಲೂ ಅದೇ ಪಾಠ. ನಾಲ್ಕನೆಯದು ಹಾಕಿಕೊಂಡಾಗ ಮುಖ ಅರಳಿತು. "ಅಯ್ಯ ಅಕ್ಕೋರ! ನೀವು ಪುಟಾ ತಿರುವೂದು ಕೇಳಿಸ್ತೈತ್ರಿ. ನಿಮ್ಮ ಮನಿ ಕುಕ್ಕರ್ ಸೀಟಿ ಹೊಡದಿದ್ದೂ ಕೇಳಿಸ್ತು!" ಅಂಗಡಿಯವರು, "ಇದರಾಗ ಏನೂ ಮುಚ್ಚಿಡಾಕ ಬರಂಗಿಲ್ರಿ" ಎಂದು ನಕ್ಕರು. ನಾನೂ ನಕ್ಕೆ. ಅದನ್ನೇ ತಂದೆವು.

ಆಮೇಲಿನ ತಿಂಗಳುಗಳಲ್ಲಿ ಶಂಕ್ರವ್ವ ಬದಲಾದಳು. ಮೊದಲು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದವಳು ಈಗ ಬಾಗಿಲಲ್ಲಿ ನಿಂತು ಪ್ರಶ್ನೆ ಹಾಕತೊಡಗಿದಳು. "ಪುಸ್ತಕದಾಗಿನ ಕಪ್ಪು ಮಣ್ಣಂದ್ರ ನಮ್ಮ ಎರಿ ಮಣ್ಣ ಹೌದಲ್ರಿ? ಹಂಗಂತ ಬರದ್ರ ಮಾರ್ಕ್ಸ್ ಕೊಡತಾರೇನ್ರಿ?" ಇಷ್ಟು ಸಾಕು ಬಿಡು ಎಂದರೆ ಕೇಳುತ್ತಿರಲಿಲ್ಲ. "ಇಲ್ಲರಿ, ಪೂರಾ ಹೇಳ್ರಿ." ಇದೆಲ್ಲ ನನ್ನ ಬೋಧನೆಯ ಮಹಿಮೆ ಎಂದು ನಾನು ಬೀಗಿದೆ. ಯಜಮಾನರ ಎದುರಿಗೆ ಎರಡು ಮೂರು ಸಲ ಹೇಳಿಕೊಂಡೆ ಕೂಡ.

ಅವಳು ಪಾಸಾದಳು. ಒಂದೇ ಏಟಿಗೆ, ಎಲ್ಲ ವಿಷಯದಲ್ಲಿ. ಈಗ ಒಂಬತ್ತು ತಿಂಗಳಿಂದ ಅಂಗನವಾಡಿಯಲ್ಲಿ ಸಹಾಯಕಿ. ಹೋದ ರವಿವಾರ ಅವಳ ನೆಗೆಣ್ಣಿಯ ತಂಗಿ, ಮೇಡ್ಲೇರಿಯ ಲಕ್ಷ್ಮವ್ವ ಎನ್ನುವವಳು ನನ್ನ ಹತ್ತಿರ ಬಂದಳು. ಅವಳೂ ಪರೀಕ್ಷೆಗೆ ಕಟ್ಟುತ್ತಾಳಂತೆ, ಶಂಕ್ರವ್ವ ಕಳಿಸಿದ್ದಾಳೆ, ಜೊತೆಗೆ ಅವಳಿಗೆಂದು ತನ್ನ ಹೆಡ್‌ಫೋನನ್ನೂ ಕೊಟ್ಟಿದ್ದಾಳೆ. ಹಳೆಯ ಪಾಠಗಳು ನನ್ನ ಫೋನಿನಲ್ಲಿ ಇದ್ದೇ ಇದ್ದವು. ಹೆಡ್‌ಫೋನ್ ಒಂದು ದಿನ ಇಲ್ಲೇ ಇರಲಿ, ಸರಿಯಿದೆಯೋ ನೋಡಿ ಕೊಡುತ್ತೇನೆ ಎಂದು ಇಟ್ಟುಕೊಂಡು, ಸೋಮವಾರ ಬೆಳಿಗ್ಗೆ ಕಿವಿಗೆ ಏರಿಸಿದೆ. ನನ್ನ ಧ್ವನಿಯನ್ನು ನಾನೇ ಕೇಳುವುದು ನನಗಾಗದು. ಅದುವರೆಗೆ ಒಂದು ಪಾಠವನ್ನೂ ತಿರುಗಿ ಕೇಳಿರಲಿಲ್ಲ.

ಭಾರತದ ಮಣ್ಣುಗಳು ಎನ್ನುವ ಪಾಠ. ನಡುವೆ ನಾನು ತಡೆದು ನೀರು ಕುಡಿದದ್ದು ಕೇಳಿಸಿತು. ದೂರದಿಂದ ಯಜಮಾನರ ಧ್ವನಿ: "ದಿನಾ ಇಷ್ಟು ಒದರತೀಯಲ್ಲ, ಪಾಸಾಗತಾಳೇನು ಅಕಿ?" ಆಮೇಲೆ ನನ್ನದು, ಫೋನಿನಿಂದ ಆಚೆ ತಿರುಗಿ ಹೇಳಿದ್ದು, ಸಣ್ಣಗೆ ಆದರೆ ಸ್ವಚ್ಛವಾಗಿ: "ಎಲ್ಲಿ ಪಾಸಾಗತಾಳ್ರಿ. ಮೆಣಸಿನಕಾಯಿ ಬಿಡಸೂ ಕೈ ಅದು. ಪಾಪ, ಕೇಳ್ಯಾಳಂತ ಹೇಳಾಕತ್ತೇನಿ." ಅದರ ಬೆನ್ನಿಗೇ, "ಹಾಂ, ಎಲ್ಲಿದ್ವಿ? ಕಪ್ಪು ಮಣ್ಣು."

ನಾನು ಅಂದದ್ದು ನನಗೆ ನೆನಪಿರಲೇ ಇಲ್ಲ. ಮತ್ತೊಮ್ಮೆ ಕೇಳಿದೆ, ಬೇರೆ ಯಾರೋ ಅಂದಿರಬಹುದು ಎನ್ನುವ ಹುಚ್ಚು ಆಸೆಯಿಂದ. ಆಗಲೇ ಯಜಮಾನರು ಬಂದು ಕಾಡಿಗೆಯ ಮಾತಾಡಿದ್ದು. ನಾಚಿಕೆ ಎಂಬ ಶಬ್ದವನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ, ಅದರ ಅರ್ಥ ನನಗೆ ಅವತ್ತು ಗೊತ್ತಾಯಿತು. ಎರಡು ದಿನ ಊಟ ಸೇರಲಿಲ್ಲ.

ಬುಧವಾರ ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಹೊತ್ತಿಗೆ ಅಂಗನವಾಡಿಗೆ ಹೋದೆ. ಶಂಕ್ರವ್ವ ಚಾಪೆ ಸುತ್ತುತ್ತಿದ್ದಳು. "ಬರ್ರಿ ಅಕ್ಕೋರ, ಕುಂದ್ರಿ." ನಾನು ಕೂರಲಿಲ್ಲ.

"ಮಣ್ಣಿನ ಪಾಠದಾಗ ನಾ ಒಂದ ಮಾತು ಅಂದೇನಲ್ಲ, ಅದು ನೀ ಕೇಳೀಯೇನ?"

ಅವಳು ಚಾಪೆಯನ್ನು ಮೂಲೆಗೆ ಒರಗಿಸಿದಳು. "ಕೇಳೇನ್ರಿ. ಹೆಡ್‌ಫೋನ್ ತಂದ ನಾಕನೇ ದಿನಕ್ಕ."

"ಮತ್ತ ಯಾಕ ಅನ್ನಲಿಲ್ಲ?"

"ಅಂದಿದ್ರ ನೀವು ನಾಚಿಕೊಂಡು ಪಾಠ ಹೇಳೂದು ನಿಲ್ಲಸ್ತಿದ್ರಿ. ನನಗ ಪಾಠ ಬೇಕಾಗಿತ್ರಿ."

"ಸಿಟ್ಟು ಬರಲಿಲ್ಲೇನವ್ವ?"

"ಬಂತ್ರಿ. ಈಗೂ ಐತಿ."

ಅದನ್ನು ಅವಳು ಮಕ್ಕಳ ಹಾಜರಿ ಹೇಳುವಷ್ಟು ಸಾದಾ ಧ್ವನಿಯಲ್ಲಿ ಹೇಳಿದಳು. ಅವಳು ಬಾಗಿಲಲ್ಲಿ ನಿಂತು ಪ್ರಶ್ನೆ ಹಾಕತೊಡಗಿದ್ದು ಯಾವಾಗಿನಿಂದ ಎಂದು ನನಗೆ ಆಗ ಹೊಳೆಯಿತು. ತಪ್ಪಾಯಿತು ಎಂದೆ. ಅವಳು ಇರಲಿ ಬಿಡ್ರಿ ಅನ್ನಲಿಲ್ಲ. ನಾನು ಅದನ್ನು ಬಯಸಬಾರದಿತ್ತು, ಬಯಸಿದೆ.

"ಸಿಟ್ಟಿದ್ರ ಲಕ್ಷ್ಮವ್ವನ್ನ ಯಾಕ ನನ್ನ ಕಡೆ ಕಳಿಸಿದಿ?"

ಅವಳು ನನ್ನ ಪ್ರಶ್ನೆಯೇ ವಿಚಿತ್ರ ಎನ್ನುವಂತೆ ನೋಡಿದಳು. "ಪಾಠ ಛಲೋ ಹೇಳತೀರಲ್ರಿ ನೀವು."

ಇವತ್ತು ಮಣ್ಣಿನ ಪಾಠವನ್ನು ಮೊದಲಿನಿಂದ ಹೊಸದಾಗಿ ಹೇಳಿದೆ. ಪೂರ್ತಿ ಕೇಳಿದ ಮೇಲೆ ಲಕ್ಷ್ಮವ್ವನಿಗೆ ಕಳಿಸಿದೆ. ಆಮೇಲೆ ಶಂಕ್ರವ್ವನಿಗೂ ಕಳಿಸಿದೆ, ಇದರಲ್ಲಿ ಎಲ್ಲಿಯಾದರೂ ತಪ್ಪಿದ್ದರೆ ಹೇಳು ಎಂದು. ಒಂದು ತಾಸಿನ ಮೇಲೆ ಅವಳ ಉತ್ತರ ಬಂತು. ಎರಡು ಕಡೆ ತಪ್ಪು ಹೇಳಿದ್ದೆನಂತೆ.